ಸತ್ತವರ ಆಸ್ತಿ, ಇದ್ದವರ ಜಗಳ

ಅಗ್ರಲೇಖನದ ಜಾಗದಲ್ಲಿ ಸಿನಿಮಾದ ಮಾತೇಕೆ ಎಂದು ನಮ್ಮ ವಾಚಕರಲ್ಲಿ ಕೆಲವರು ಕೇಳಬಹುದು. ಕೂಲಿ, ಬೋನಸ್ಸು, ತೆರಿಗೆ, ಕೊಬ್ಬರಿಯ ಧಾರಣೆ ಇವೆಲ್ಲ ಇರುವಾಗ ಬೆಳ್ಳಿತೆರೆಯ ಗೊಡವೆ ನಮಗೆ ಬೇಕೆ? ಬೇಕೆಂದೇ ನಮ್ಮ ಅಭಿಪ್ರಾಯ. ಪಾಳಿ ಮುಗಿಸಿ ಬಂದ ಗಿರಣಿ ಕಾರ್ಮಿಕನೂ, ಅಂಗಡಿಯ ಬಾಗಿಲು ಹಾಕಿ ಲೆಕ್ಕ ಮುಗಿಸಿದ ವರ್ತಕನೂ ಕುಳಿತು ನೋಡುವುದು ಸಿನಿಮಾವನ್ನೇ. ನೋಡುತ್ತಾರೆ, ನಗುತ್ತಾರೆ. ಯಾರನ್ನು ನೋಡಿ ನಗುತ್ತಾರೆ, ಯಾರನ್ನು ಕಂಡರೆ ಆ ನಗು ನಿಂತುಹೋಗುತ್ತದೆ ಎಂಬುದು ರಾಜಕೀಯದ ಪ್ರಶ್ನೆಯೇ ಹೊರತು ಬೇರೆಯಲ್ಲ.

ದೊಡ್ಡ ಮನೆತನಗಳ ಒಳಜಗಳವನ್ನು ನಗೆಯ ಸರಕು ಮಾಡುವ ಚಿತ್ರಗಳು ಈಗ ದೇಶ ವಿದೇಶಗಳಲ್ಲಿ ಧಾರಾಳವಾಗಿ ಬರುತ್ತಿವೆ. ಮುದುಕ ಸಾಯುತ್ತಾನೆ, ಅಥವಾ ಸಾಯದೆ ಎಲ್ಲರನ್ನೂ ಕಾಯಿಸುತ್ತಾನೆ. ಮಕ್ಕಳು ಮೊಮ್ಮಕ್ಕಳು ಉಯಿಲಿನ ಸುತ್ತ ಹದ್ದುಗಳಂತೆ ಕೂರುತ್ತಾರೆ. ಸಾವಿನ ಮನೆಯಲ್ಲೇ ನಗು ಏಳುತ್ತದೆ. ಕನ್ನಡದಲ್ಲಿ ಈ ಬಗೆಯದರಲ್ಲಿ ನಮಗೆ ಮೊದಲು ನೆನಪಿಗೆ ಬರುವುದು ರಾಮ್ ರೆಡ್ಡಿಯವರು ನಿರ್ದೇಶಿಸಿ, ಈರೇಗೌಡರು ಅವರೊಡನೆ ಕೂಡಿ ಬರೆದ ‘ತಿಥಿ’. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಬಹುಮಾನ ಪಡೆದು, ಆ ವರ್ಷದ ಅತ್ಯುತ್ತಮ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯನ್ನೂ ಗಳಿಸಿ, 2016ರಲ್ಲಿ ನಮ್ಮ ಚಿತ್ರಮಂದಿರಗಳಿಗೆ ಬಂದ ಚಿತ್ರ. ಅದರಲ್ಲಿ ತಾರೆಯರಿಲ್ಲ. ಮಂಡ್ಯ ಜಿಲ್ಲೆಯ ನೊದೆಕೊಪ್ಪಲು ಮತ್ತು ಸುತ್ತಿನ ಹಳ್ಳಿಯ ಜನರೇ ಪಾತ್ರ ವಹಿಸಿದ್ದಾರೆ.

ಕಥೆ ಸರಳ. ನೂರೊಂದು ವರ್ಷದ ಸೆಂಚುರಿ ಗೌಡ ಹೋಗಿಬರುವವರನ್ನೆಲ್ಲ ಬಾಯಿಗೆ ಬಂದಂತೆ ಬೈಯುತ್ತ ಕುಳಿತಿದ್ದು, ಎದ್ದು ನಾಲ್ಕು ಹೆಜ್ಜೆ ಹೋಗಿ ಬೀದಿಯಲ್ಲೇ ಬಿದ್ದು ಸಾಯುತ್ತಾನೆ. ಹನ್ನೊಂದನೆಯ ದಿನ ತಿಥಿ. ಅವನ ಮಗ ಗಡ್ಡಪ್ಪನಿಗೆ ಮನೆಯೂ ಬೇಡ, ಮಠವೂ ಬೇಡ; ಅಗ್ಗದ ಬ್ರಾಂದಿ ಕುಡಿಯುತ್ತ ಹೊಲ ಗದ್ದೆ ತಿರುಗುವ ಆಸಾಮಿ. ಮೊಮ್ಮಗ ತಮ್ಮಣ್ಣನಿಗೆ ಮಾತ್ರ ಎಲ್ಲವೂ ಬೇಕು. ಐದು ಎಕರೆ ಜಮೀನು ಇನ್ನೂ ಸತ್ತ ಮುದುಕನ ಹೆಸರಿನಲ್ಲಿದೆ, ಕೊಳ್ಳುವವನು ಸಿದ್ಧನಾಗಿದ್ದಾನೆ. ಕಾಯಿದೆಯಂತೆ ಜಮೀನು ಮೊದಲು ಗಡ್ಡಪ್ಪನಿಗೆ ಬರಬೇಕು. ಗಡ್ಡಪ್ಪನಿಗೋ ಕಾಗದ ಪತ್ರದ ಗೋಜೇ ಬೇಡ. ಆಗ ತಮ್ಮಣ್ಣ ಕೈಸಾಲ ತಂದು, ಲಂಚ ತಿನ್ನಿಸಿ, ಬದುಕಿರುವ ತಂದೆಯ ಮರಣಪತ್ರವನ್ನೇ ಮಾಡಿಸಿಬಿಡುತ್ತಾನೆ. ತಂದೆಯ ಕೈಗೆ ದುಡ್ಡು ತುರುಕಿ ದೇಶಾಂತರ ಹೋಗೆಂದು ಬಸ್ಸು ಹತ್ತಿಸುತ್ತಾನೆ. ತಿಥಿಯ ಊಟಕ್ಕೆಂದು ತಮ್ಮಣ್ಣನ ಮಗ ಅಭಿ, ಕುರಿ ಕಾಯುವವರ ಹಿಂಡಿನಿಂದ ಕುರಿ ಕದಿಯುತ್ತಾನೆ. ಸತ್ತನೆಂದು ಸರ್ಕಾರಿ ಮೊಹರು ಬಿದ್ದ ಗಡ್ಡಪ್ಪ ಅದೇ ಕುರಿಯವರ ಜೊತೆ ಸೇರಿಕೊಂಡು, ತಿಥಿಯ ದಿನ ಜೀವಂತವಾಗಿ ಊರಿಗೆ ಬಂದು ನಿಲ್ಲುತ್ತಾನೆ.

ನಕ್ಕು ನಕ್ಕು ಕಣ್ಣಲ್ಲಿ ನೀರು ಬರುವ ಚಿತ್ರವಿದು. ಆದರೆ ಹೊಸದುರ್ಗ, ಹೊಳಲ್ಕೆರೆ, ಹಿರಿಯೂರು ತಾಲ್ಲೂಕುಗಳ ನಮ್ಮ ವಾಚಕರು ಇದನ್ನು ಕಟ್ಟುಕಥೆ ಎನ್ನಲಾರರು. ತಾತನ ಹೆಸರಿನ ಪಹಣಿ ಹಾಗೆಯೇ ಉಳಿದ ಮನೆಗಳು ಎಷ್ಟಿಲ್ಲ! ರಾಜ್ಯದಲ್ಲಿ ಲಕ್ಷಾಂತರ ಪಹಣಿಗಳು ಸತ್ತವರ ಹೆಸರಿನಲ್ಲೇ ಇವೆಯೆಂದು ಸರ್ಕಾರವೇ ಒಪ್ಪಿಕೊಂಡು, 2025ರಲ್ಲಿ ಇ-ಪೌತಿ ಖಾತೆಯ ಕೆಲಸಕ್ಕೆ ಕೈಹಾಕಿತು. ಅಣ್ಣತಮ್ಮಂದಿರಲ್ಲಿ ಒಮ್ಮತವಿಲ್ಲದೆ ಖಾತೆ ನಿಂತಿತೆಂದರೆ ಬೆಳೆಸಾಲ ನಿಂತಿತು. ಭದ್ರಾ ಮೇಲ್ದಂಡೆಯ ಕಾಲುವೆಗೆ ಭೂಮಿ ಹೋದರೆ ಪರಿಹಾರದ ಹಣವೂ ನಿಂತಿತು. ಹೆದ್ದಾರಿಗಳು ಕೂಡುವ ಹಿರಿಯೂರಿನ ಸುತ್ತ ಹೊಲಗಳಿಗೆ ಸೈಟಿನ ಕಲ್ಲು ಬಿದ್ದಿದೆ, ದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಿವೆ. ಭೂಮಿಗೆ ಬೆಲೆ ಬಂದಂತೆಲ್ಲ ತಮ್ಮಣ್ಣಂದಿರ ಆತುರವೂ ಏರಿದೆ. 2020ರಲ್ಲಿ ಭೂಸುಧಾರಣಾ ಕಾಯಿದೆಯ 79ಎ, 79ಬಿ ಕಲಮುಗಳನ್ನು ತೆಗೆದುಹಾಕಿ, ಉಳುವವನಲ್ಲದವನೂ ಹಣವಿದ್ದರೆ ಹೊಲ ಕೊಳ್ಳಬಹುದೆಂದು ಮಾಡಿದ ಮೇಲೆ ಕೊಳ್ಳುವವರ ಸಾಲು ಉದ್ದವಾಯಿತು. 1951ರಲ್ಲಿ ಕಾಗೋಡಿನ ಗೇಣಿದಾರರೊಡನೆ ನಿಂತು ಶಾಂತವೇರಿ ಗೋಪಾಲಗೌಡರು ಹೋರಾಡಿದ್ದು, ಲೋಹಿಯಾ ಅವರು ಅಲ್ಲಿಗೆ ಬಂದು ದಸ್ತಗಿರಿಯಾದದ್ದು, 1974ರಲ್ಲಿ ದೇವರಾಜ ಅರಸರ ಸರ್ಕಾರ ಗೇಣಿಪದ್ಧತಿಯನ್ನು ಮುಗಿಸಿದ್ದು, ಇವೆಲ್ಲ ‘ಉಳುವವನೇ ಹೊಲದೊಡೆಯ’ ಎಂಬ ಒಂದು ಮಾತಿಗಾಗಿ. ಆ ಮಾತಿನ ಬುಡಕ್ಕೇ 2020ರಲ್ಲಿ ಕೊಡಲಿ ಬಿತ್ತು.

ಆದರೆ ತಮ್ಮಣ್ಣನನ್ನು ನಾವು ಖಳನಾಯಕನೆನ್ನಲು ಸಿದ್ಧರಿಲ್ಲ. ಐದೆಕರೆಯವನು ಅವನು. ತಂದೆ ದುಡಿಯಲಿಲ್ಲ, ತಾತ ಹೆಸರು ಬಿಟ್ಟುಕೊಡಲಿಲ್ಲ, ಸಾಲಗಾತಿ ಬಾಗಿಲಲ್ಲಿ ನಿಂತಿದ್ದಾಳೆ, ಇಡೀ ಊರಿಗೆ ಬಾಡೂಟ ಹಾಕಬೇಕು. ಅವನ ಮೋಸಕ್ಕೆ ನಾವು ನಗುತ್ತೇವೆ. ನಕ್ಕು ಮನೆಗೆ ಬಂದು ನಮ್ಮ ಕಬ್ಬಿಣದ ಪೆಟ್ಟಿಗೆಯ ಕಾಗದಗಳನ್ನು ಒಮ್ಮೆ ತೆಗೆದು ನೋಡುತ್ತೇವೆ. ನಮ್ಮ ಪ್ರಶ್ನೆ ಬೇರೆ. ಐದೆಕರೆಯವನ ಮನೆ ಜಗಳ ನಗೆಯಾಗುವುದಾದರೆ ಐದು ಸಾವಿರ ಕೋಟಿಯವರ ಮನೆ ಜಗಳವೇಕೆ ‘ಉದ್ಯಮ ವಾರ್ತೆ’ಯಾಗುತ್ತದೆ?

ಅಂಬಾನಿ ಸಹೋದರರ ಪ್ರಕರಣವನ್ನೇ ನೋಡಿ. 2002ರ ಜುಲೈಯಲ್ಲಿ ಧೀರೂಭಾಯಿ ಅಂಬಾನಿ ಉಯಿಲು ಬರೆಯದೆ ತೀರಿಕೊಂಡರು. ಮಕ್ಕಳಿಬ್ಬರಿಗೂ ಬೀದಿ ಕಾಣುವಂತೆ ಜಗಳ ಹತ್ತಿತು. 2005ರ ಜೂನ್‌ನಲ್ಲಿ ತಾಯಿ ಕೋಕಿಲಾಬೆನ್ ಅವರು ನಡುವೆ ನಿಂತು ಪಾಲು ಮಾಡಿದರು. ಇಲ್ಲಿಯವರೆಗೆ ನಮ್ಮ ಯಾವ ಹಳ್ಳಿಯ ಮನೆಯಲ್ಲಾದರೂ ನಡೆಯುವಂಥದೇ. ಆದರೆ ಇವರ ಪಾಲಿನ ಪಟ್ಟಿಯಲ್ಲಿ ಹೊಲ ಮನೆ ಮಾತ್ರ ಇರಲಿಲ್ಲ. ಕೃಷ್ಣಾ ಗೋದಾವರಿ ಮುಖಜಭೂಮಿಯ ಸಮುದ್ರದಡಿಯ ಅನಿಲವೂ ಅದರಲ್ಲಿ ಸೇರಿತ್ತು! ಅಣ್ಣನು ತಮ್ಮನಿಗೆ 17 ವರ್ಷ ದಿನಕ್ಕೆ 2 ಕೋಟಿ 80 ಲಕ್ಷ ಘನ ಮೀಟರ್ ಅನಿಲವನ್ನು 2.34 ಡಾಲರಿನ ದರದಲ್ಲಿ ಕೊಡತಕ್ಕದ್ದೆಂದು ಕುಟುಂಬದ ಒಪ್ಪಂದ. ಮುಂದೆ ಅಣ್ಣ ಕೊಡಲಾರೆನೆಂದ, ತಮ್ಮ ಬಿಡಲಾರೆನೆಂದ, ವ್ಯಾಜ್ಯ ದೆಹಲಿಯವರೆಗೆ ಹೋಯಿತು. 2010ರ ಮೇ 7ರಂದು ಸುಪ್ರೀಂ ಕೋರ್ಟು, ಈ ಅನಿಲ ರಾಷ್ಟ್ರದ ಸ್ವತ್ತು, ಇದರ ಬೆಲೆ ಮತ್ತು ಹಂಚಿಕೆ ಸರ್ಕಾರದ ಅಧಿಕಾರ, ಮನೆಯವರೊಳಗಿನ ಒಪ್ಪಂದ ಅದನ್ನು ಕಟ್ಟಿಹಾಕಲಾರದು ಎಂದು ತೀರ್ಪಿತ್ತಿತು. ಊರ ಕೆರೆಯನ್ನು ಅಣ್ಣತಮ್ಮಂದಿರು ತಮ್ಮ ಪಾಲುಪಟ್ಟಿಗೆ ಸೇರಿಸಿಕೊಂಡಂತೆ ಇದು. ತಮ್ಮಣ್ಣ ಬದುಕಿದ್ದ ಒಬ್ಬ ತಂದೆಯನ್ನು ಕಾಗದದ ಮೇಲೆ ಸಾಯಿಸಿದ. ಇವರು ನೂರು ಕೋಟಿಗೂ ಮಿಕ್ಕ ವಾರಸುದಾರರನ್ನು ಕಾಗದದ ಮೇಲೆ ಇಲ್ಲವೆನಿಸಿದರು. ಯಾವುದು ದೊಡ್ಡ ಪ್ರಹಸನ?

ದುರ್ಗದವರಿಗೆ ಇಂಥದು ಹೊಸತೂ ಅಲ್ಲ. ನಮ್ಮ ಕೋಟೆಯ ಪಟ್ಟಕ್ಕಾಗಿ ದಳವಾಯಿಗಳೂ ದಾಯಾದಿಗಳೂ ಹರಿಸಿದ ರಕ್ತವನ್ನು ತ.ರಾ.ಸು. ಅವರು ‘ರಕ್ತರಾತ್ರಿ’ ಮೊದಲಾದ ಕಾದಂಬರಿಗಳಲ್ಲಿ ಬರೆದಿಟ್ಟಿದ್ದಾರೆ. ಅರಮನೆಯಲ್ಲಿ ಕತ್ತಿ ಎತ್ತಿದಾಗ ಪೇಟೆಯಲ್ಲಿ ಅಂಗಡಿಯ ಬಾಗಿಲು ಬೀಳುತ್ತಿತ್ತು.

ಅದೇ ಇಂದಿಗೂ. ಯಜಮಾನರ ಮನೆಯಲ್ಲಿ ಒಡಕು ಬಂದಾಗ ಗಿರಣಿಯಲ್ಲಿ ಮೊದಲು ನಿಲ್ಲುವುದು ಸಂಬಳ, ಆಮೇಲೆ ಭವಿಷ್ಯನಿಧಿಯ ಕಂತು, ಕೊನೆಗೆ ಯಂತ್ರ. ಮನೆಯವರ ಕಾರು ಮಾತ್ರ ನಿಲ್ಲುವುದಿಲ್ಲ. ಕಂಪನಿ ದಿವಾಳಿಯಾಗಿ ಮುಚ್ಚಿಹೋದರೆ, 2016ರ ದಿವಾಳಿ ಸಂಹಿತೆಯ ಪ್ರಕಾರ ಕಾರ್ಮಿಕರಿಗೆ ಹಿಂದಿನ 24 ತಿಂಗಳ ಬಾಕಿಯ ಮಟ್ಟಿಗೆ, ಅಡಮಾನ ಬಿಟ್ಟುಕೊಟ್ಟ ಬ್ಯಾಂಕುಗಳ ಸಮಸಮಕ್ಕೆ ಪಾಲುಂಟು. ಇದನ್ನು ಪ್ರತಿಯೊಬ್ಬ ಕಾರ್ಮಿಕ ಬಂಧುವೂ ನೆನಪಿಟ್ಟುಕೊಳ್ಳಬೇಕು, ಏಕೆಂದರೆ ಯಾರೂ ಕರೆದು ಹೇಳುವುದಿಲ್ಲ. ಆ ಗಿರಣಿಗೆ ಗೋಣಿಚೀಲ, ಎಣ್ಣೆ, ಬಿಡಿಭಾಗಗಳನ್ನು ಉದ್ದರಿ ಕೊಟ್ಟ ಸಣ್ಣ ವರ್ತಕನ ಸರದಿ ಇನ್ನೂ ಎಷ್ಟೋ ಹಿಂದೆ. ಅವನವರೆಗೆ ಬರುವಷ್ಟರಲ್ಲಿ ಪಾತ್ರೆ ಸಾಮಾನ್ಯವಾಗಿ ಬರಿದು. ಯಜಮಾನರ ಮನೆಯ ಜಗಳದಲ್ಲಿ ಕಾರ್ಮಿಕನೂ ವರ್ತಕನೂ ಒಂದೇ ಪಂಕ್ತಿಯ ಜನ. ಸಂಬಳದ ದಿನ ಮಾತ್ರ ಬೇರೆ ಬೇರೆ ಎಂದುಕೊಳ್ಳುತ್ತಾರೆ.

ದಕ್ಷಿಣ ಕೊರಿಯಾದ ಬಾಂಗ್ ಜೂನ್-ಹೋ ಅವರ ‘ಪ್ಯಾರಸೈಟ್’ 2019ರಲ್ಲಿ ಕಾನ್ ಉತ್ಸವದ ದೊಡ್ಡ ಬಹುಮಾನವನ್ನೂ, 2020ರಲ್ಲಿ ಆಸ್ಕರನ್ನೂ ಪಡೆಯಿತು. ಅದರಲ್ಲಿ ಒಂದು ರಾತ್ರಿ ಭಾರಿ ಮಳೆ. ನೆಲಮಾಳಿಗೆಯ ಮನೆ ಮುಳುಗಿ ಬಡ ಸಂಸಾರ ಆಟದ ಸಭಾಂಗಣದ ನೆಲದ ಮೇಲೆ ರಾತ್ರಿ ಕಳೆಯುತ್ತದೆ. ಮಾರನೆಯ ದಿನ ಆ ಬಡವನನ್ನೇ ಕಾರು ನಡೆಸಲು ಕೂರಿಸಿಕೊಂಡ ಶ್ರೀಮಂತ ಗೃಹಿಣಿ, ಮಳೆಯಿಂದ ಗಾಳಿ ಶುದ್ಧವಾಯಿತೆಂದು ಸಂತೋಷಪಡುತ್ತಾಳೆ. ಆಕೆ ಕೆಟ್ಟವಳಲ್ಲ. ಕೆಳಗಿನವರ ಬದುಕು ಆಕೆಗೆ ಕಾಣುವುದಿಲ್ಲ, ಅಷ್ಟೆ. ನಮ್ಮಲ್ಲಿ ಇಂಥ ದೃಶ್ಯವನ್ನು ಬರೆಯುವವರಿಗೆ ಬರವಿಲ್ಲ. ಆದರೆ ದೊಡ್ಡ ಮನೆತನದ ದುಡ್ಡಿನಲ್ಲೇ ಚಿತ್ರ ತಯಾರಾಗುವಾಗ ನಗು ಅಡುಗೆಯವನ ಮೇಲೆ, ಕಾರು ನಡೆಸುವವನ ಮೇಲೆ ತಿರುಗುವುದೇ ಹೆಚ್ಚು.

ಇನ್ನು ಕಾಯಿದೆಯ ಮಾತು. ಹುಟ್ಟಿದ ಮನೆಯ ಬಲದಿಂದಲೇ ಒಬ್ಬನು ಕೋಟ್ಯಧೀಶನಾಗುವುದಕ್ಕೆ ಒಂದು ಕಡಿವಾಣವಿರಲೆಂದು 1953ರಲ್ಲಿ ಎಸ್ಟೇಟ್ ಸುಂಕದ ಕಾಯಿದೆ ಬಂತು. ಸತ್ತವರ ಆಸ್ತಿಯ ಮೇಲೆ, ಇಪ್ಪತ್ತು ಲಕ್ಷಕ್ಕೆ ಮೀರಿದ ಭಾಗಕ್ಕೆ ನೂರಕ್ಕೆ 85ರವರೆಗೂ ದರವೇರಿತ್ತು. ವಸೂಲಿ ಅಲ್ಪ, ತಂಟೆ ಬಹಳ ಎಂದು 1985ರಲ್ಲಿ ಅದನ್ನು ಕಿತ್ತೊಗೆದರು. 1957ರಲ್ಲಿ ಬಂದ ಸಂಪತ್ತಿನ ತೆರಿಗೆಗೂ 2015ರ ಬಜೆಟ್ಟಿನಲ್ಲಿ ಅದೇ ಗತಿಯಾಯಿತು, ಕಾರಣವೂ ಅದೇ. ಕಳ್ಳ ಸಿಕ್ಕುತ್ತಿಲ್ಲವೆಂದು ಪೊಲೀಸ್ ಠಾಣೆಯನ್ನೇ ಮುಚ್ಚುವುದು ಎಂಥ ಆಡಳಿತ? 2024ರ ಚುನಾವಣೆಯ ಕಾಲದಲ್ಲಿ ವಾರಸಾ ತೆರಿಗೆಯ ಮಾತು ಯಾರದೋ ಬಾಯಿಂದ ಬಿದ್ದೊಡನೆ, ಒಂದು ಪಕ್ಷ ಅದನ್ನು ಗುಮ್ಮನೆಂದು ತೋರಿಸಿತು, ಇನ್ನೊಂದು ಪಕ್ಷ ಅದು ತನ್ನ ಮಾತಲ್ಲವೆಂದು ಕೈತೊಳೆದುಕೊಂಡಿತು. ಹೊಲವೊಂದು ಮನೆಯೊಂದು ಇರುವವರನ್ನು ಬಿಟ್ಟು, ದೊಡ್ಡ ಸಂಪತ್ತಿನ ಮೇಲೆ ಮಾತ್ರ ಈ ತೆರಿಗೆ ಮರಳಿ ಬರಬೇಕೆಂಬುದು ನಮ್ಮ ಆಗ್ರಹ. ಬೆಂಕಿಪೊಟ್ಟಣ ಕೊಳ್ಳುವವನಿಂದಲೂ ತೆರಿಗೆ ವಸೂಲು ಮಾಡಬಲ್ಲ ಸರ್ಕಾರಕ್ಕೆ ಇದು ಅಸಾಧ್ಯವೆಂದರೆ ನಾವು ನಂಬುವುದಿಲ್ಲ.

‘ತಿಥಿ’ಯಲ್ಲಿ ನಮ್ಮನ್ನು ಕಾಡಿದ ಇನ್ನೊಂದು ಸಂಗತಿ ಹೇಳಲೇಬೇಕು. ತಾತ, ಮಗ, ಮೊಮ್ಮಗ, ಮರಿಮಗ ಎಂದು ನಾಲ್ಕು ತಲೆಮಾರಿನ ಗಂಡಸರು ಜಮೀನಿನ ಸುತ್ತ ತಿರುಗುತ್ತಾರೆ. ಹೆಣ್ಣುಮಕ್ಕಳ ಪಾಲಿನ ಮಾತು ಅಲ್ಲಿ ಯಾರಿಗೂ ತೋಚುವುದಿಲ್ಲ. ಇದು ಚಿತ್ರದ ತಪ್ಪಲ್ಲ, ನಮ್ಮ ಮನೆಗಳ ಕನ್ನಡಿ. ಕರ್ನಾಟಕವು 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹಕ್ಕು ಕೊಟ್ಟಿತು, ಆಗಲೇ ಮದುವೆಯಾಗಿದ್ದವರನ್ನು ಮಾತ್ರ ಹೊರಗಿಟ್ಟಿತು. 2005ರಲ್ಲಿ ಕೇಂದ್ರದ ತಿದ್ದುಪಡಿ ಆ ಭೇದವನ್ನೂ ತೆಗೆಯಿತು. ಮಗಳಿಗೆ ಹುಟ್ಟಿನಿಂದಲೇ ಹಕ್ಕು, ತಿದ್ದುಪಡಿಯ ದಿನ ತಂದೆ ಬದುಕಿರಬೇಕಾದ್ದಿಲ್ಲ ಎಂದು ಸುಪ್ರೀಂ ಕೋರ್ಟು 2020ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿತು. ಆದರೂ ಅರಿಶಿನ ಕುಂಕುಮಕ್ಕೆಂದು ಒಂದಿಷ್ಟು ಹಣವನ್ನೂ ಒಂದು ಸೀರೆಯನ್ನೂ ಕೊಟ್ಟು, ಹಕ್ಕುಬಿಡುಗಡೆ ಪತ್ರಕ್ಕೆ ಅಕ್ಕತಂಗಿಯರ ಸಹಿ ಹಾಕಿಸಿಕೊಳ್ಳುವ ಪದ್ಧತಿ ನಮ್ಮ ನಾಲ್ಕೂ ತಾಲ್ಲೂಕುಗಳಲ್ಲಿ ನಡೆದೇ ಇದೆ. ಹಾಗೆ ಸಹಿ ಹಾಕಿಸಿಕೊಂಡವರಲ್ಲಿ ಸಮಾಜವಾದದ ಭಾಷಣ ಮಾಡುವವರೂ ಇದ್ದಾರೆಂಬುದನ್ನು ನಾವು ಬಲ್ಲೆವು.

ಪೌತಿ ಖಾತೆಯ ಅರ್ಜಿ ಹಿಡಿದು ನಾಡಕಚೇರಿಗೆ ಹೋಗುವ ನಮ್ಮ ಗೆಳೆಯರಿಗೆ ಇಷ್ಟು ಮಾತ್ರ ಹೇಳುತ್ತೇವೆ. ಲಂಚ ಕೇಳಿದವರ ವಿಷಯವನ್ನು ನಮಗೆ ಬರೆದು ತಿಳಿಸಿ. ಮತ್ತು ವಂಶವೃಕ್ಷ ಬರೆಸುವಾಗ ಅಕ್ಕತಂಗಿಯರ ಹೆಸರನ್ನು ಬಿಡದೆ ಬರೆಸಿ.