ಸಾಲದ ಪೈಪೋಟಿ ಮತ್ತು ನೆಲದ ಹೊಣೆ

ಸಾಲ ಕೊಡುವವರು ಹೆಚ್ಚಿದಷ್ಟೂ ಸಾಲ ಪಡೆಯುವವನಿಗೆ ಅನುಕೂಲವೆಂಬ ಮಾತು ಪೇಟೆಯಲ್ಲಿಯೂ ಪಂಚಾಯಿತಿ ಕಟ್ಟೆಯಲ್ಲಿಯೂ ಕೇಳಿಬರುತ್ತದೆ. ಒಂದು ಬ್ಯಾಂಕು ಇಲ್ಲದಿದ್ದರೆ ಇನ್ನೊಂದು. ಇಲ್ಲಿ ಬಡ್ಡಿ ಹೆಚ್ಚಾದರೆ ಅಲ್ಲಿ ಕಡಿಮೆ. ಮೇಲ್ನೋಟಕ್ಕೆ ಇದು ಸರಿಯೆಂದೇ ತೋರುತ್ತದೆ. ಆದರೆ ಲಂಡನ್ನು, ಪ್ಯಾರಿಸ್ಸುಗಳ ಬ್ಯಾಂಕುಗಳು ನಮ್ಮ ನೆಲದ ಫಸಲಿನ ಬೆನ್ನುಹತ್ತಿ ಒಂದರೊಡನೊಂದು ಪೈಪೋಟಿಗಿಳಿದ ಕಾಲವೊಂದು ಕನ್ನಡ ನಾಡಿಗೆ ಬಂದುಹೋಗಿದೆ. ಅದರಿಂದ ಉಳಿದದ್ದೇನು ಎಂಬುದನ್ನು ವಿಚಾರಿಸಿದರೆ ಈ ಮಾತಿನ ಪೊಳ್ಳುತನ ತಿಳಿಯುತ್ತದೆ.

ಬಸವನ ಬಾಗೇವಾಡಿ, ಸಿಂದಗಿ, ಇಂಡಿ, ಮುದ್ದೇಬಿಹಾಳ ಸೀಮೆಯದು ಕಪ್ಪು ಎರೆಭೂಮಿ. ಡೋಣಿ ಸಾಲಿನ ನೆಲ ಫಲಿಸಿದರೆ ಓಣಿಯೆಲ್ಲ ಜೋಳ ತುಂಬುತ್ತದೆಂಬುದು ಅಲ್ಲಿಯ ಜನರ ನಂಬಿಕೆ. ಜೋಳ, ಕುಸುಬೆ, ಅಗಸೆಗಳೊಡನೆ ಹತ್ತಿಯೂ ಅಲ್ಲಿಯ ಹಳೆಯ ಬೆಳೆಯೇ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಆರಂಭವಾಗಿ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಬಿದ್ದಾಗ, ಅಲ್ಲಿಯ ಹತ್ತಿಯನ್ನೇ ನಂಬಿದ್ದ ಇಂಗ್ಲೆಂಡಿನ ಲ್ಯಾಂಕಷೈರ್ ಗಿರಣಿಗಳು ಹಿಂದೂಸ್ಥಾನದ ಕಡೆಗೆ ತಿರುಗಿದವು. ಮೂರೇ ವರ್ಷಗಳಲ್ಲಿ ಲಿವರ್‌ಪೂಲ್ ಪೇಟೆಯಲ್ಲಿ ಹತ್ತಿಯ ಬೆಲೆ ಹಲವು ಪಟ್ಟು ಏರಿತು. ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳ ಅರಳೆ ಒಮ್ಮೆಲೇ ಜಗತ್ತಿನ ವ್ಯಾಪಾರದ ವಸ್ತುವಾಯಿತು.

ಹತ್ತಿ ಹಡಗೇರುವ ಮುನ್ನ ಅದರ ಹಣ ಕೈಗೆ ಬರಬೇಕೆಂಬುದು ರಫ್ತುದಾರನ ಅಪೇಕ್ಷೆ. ಅವನು ಲಿವರ್‌ಪೂಲಿನ ಖರೀದಿದಾರನ ಮೇಲೆ ಬರೆದ ಹುಂಡಿಯನ್ನು ಕೊಂಡು ಮುಂಬಯಿಯಲ್ಲಿಯೇ ಹಣ ಕೊಡುವುದು ವಿನಿಮಯ ಬ್ಯಾಂಕುಗಳ ಕಸುಬು. ಓರಿಯೆಂಟಲ್ ಬ್ಯಾಂಕು, ಚಾರ್ಟರ್ಡ್ ಬ್ಯಾಂಕು, ಚಾರ್ಟರ್ಡ್ ಮರ್ಕೆಂಟೈಲ್ ಬ್ಯಾಂಕು ಹಾಗೂ ಪ್ಯಾರಿಸ್ಸಿನ ಕಾಂಪ್ತುವಾರ್ ದೆಸ್ಕೋಂತ್ ಈ ಹುಂಡಿಗಳಿಗಾಗಿ ಸ್ಪರ್ಧಿಸಿದವು. ಇವುಗಳ ಜೊತೆಗೆ ದಿನಕ್ಕೊಂದರಂತೆ ಹೊಸ ಸಂಸ್ಥೆಗಳು ತಲೆಯೆತ್ತಿದವು. 1865ರ ಆರಂಭಕ್ಕೆ ಮುಂಬಯಿ ನಗರವೊಂದರಲ್ಲೇ 31 ಬ್ಯಾಂಕುಗಳೂ 16 ಹಣಕಾಸು ಕಂಪನಿಗಳೂ ಇದ್ದವು. ಈ ಬ್ಯಾಂಕುಗಳ ಯಾವ ಸಾಹೇಬನೂ ಬಾಗೇವಾಡಿಯ ಹೊಲದ ಬದುವಿನ ಮೇಲೆ ನಿಂತವನಲ್ಲ. ಬ್ಯಾಂಕಿನ ಹಣ ರಫ್ತು ಕಂಪನಿಗೆ, ಅಲ್ಲಿಂದ ದಲಾಲನಿಗೆ, ದಲಾಲನಿಂದ ಊರಿನ ಸಾಹುಕಾರನಿಗೆ, ಅವನಿಂದ ಒಕ್ಕಲಿಗನಿಗೆ ಇಳಿಯುತ್ತ ಬಂತು. ಒಂದೊಂದು ಮೆಟ್ಟಿಲು ಇಳಿದಂತೆ ಬಡ್ಡಿ ಏರಿತು. ಮೇಲಿನ ಪೈಪೋಟಿಯ ಲಾಭ ಕೆಳಗಿನವನನ್ನು ತಲುಪಲಿಲ್ಲ.

ಈ ಹತ್ತಿಯ ದಾರಿ ಮಲೆನಾಡನ್ನೂ ಹಾದುಹೋಗಿದೆ. ಧಾರವಾಡ ಸೀಮೆಯ ಅರಳೆ ಬಂಡಿಗಳಲ್ಲಿ ಘಟ್ಟವಿಳಿದು ಕುಮಟೆ ಬಂದರಿಗೆ ಹೋಗುತ್ತಿದ್ದುದರಿಂದಲೇ ಅದಕ್ಕೆ ಪೇಟೆಯಲ್ಲಿ ‘ಕುಂಪ್ಟಾ’ ಹತ್ತಿಯೆಂಬ ಹೆಸರು ಬಂತು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ವರ್ಗಾಯಿಸಿದ್ದರ ಹಿಂದೆ ಕಾರವಾರ ಬಂದರನ್ನು ಬೆಳೆಸಿ ಹತ್ತಿ ಸಾಗಿಸುವ ಉದ್ದೇಶವಿತ್ತು. ಬಯಲಿನ ಬೆಳೆಗೆ ದೂರದ ಪೇಟೆ ಕಟ್ಟಿದ ಬೆಲೆಯಿಂದ ಘಟ್ಟದ ಕಾಡಿನ ಗಡಿಯೂ ಆಡಳಿತವೂ ಬದಲಾದವು. ಗುಡ್ಡದವರಿಗೂ ಎರೆಯವರಿಗೂ ಸಂಬಂಧವೇನೆಂದು ಕೇಳುವ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು.

1865ರಲ್ಲಿ ಅಮೆರಿಕದ ಯುದ್ಧ ಮುಗಿಯಿತು. ಹತ್ತಿಯ ಬೆಲೆ ಕುಸಿಯಿತು. ಜುಲೈ 1ರಂದು ಮುಂಬಯಿಯ ಷೇರು ವ್ಯವಹಾರಗಳ ವಾಯಿದೆ ತೀರಬೇಕಿದ್ದಾಗ ಹಣ ಕಟ್ಟುವವರೇ ಇರಲಿಲ್ಲ. 1866ರಲ್ಲಿ ಲಂಡನ್ನಿನ ಓವರೆಂಡ್ ಗರ್ನಿ ಸಂಸ್ಥೆ ದಿವಾಳಿಯಾದಾಗ ಅದರ ಬೆನ್ನಿಗೇ ಏಷಿಯಾಟಿಕ್ ಬ್ಯಾಂಕಿಂಗ್ ಕಾರ್ಪೊರೇಷನ್ ಮುಚ್ಚಿತು. ಆಗ್ರಾ ಅಂಡ್ ಮಾಸ್ಟರ್‌ಮನ್ಸ್ ಬ್ಯಾಂಕು ಪಾವತಿ ನಿಲ್ಲಿಸಿತು. ಸರ್ಕಾರದ ಪಾಲುದಾರಿಕೆಯಿದ್ದ ಬ್ಯಾಂಕ್ ಆಫ್ ಬಾಂಬೆಯೂ 1868ರಲ್ಲಿ ಮುಳುಗಿ, ಅದೇ ವರ್ಷ ಹೊಸ ಬಂಡವಾಳದಿಂದ ಮರುಹುಟ್ಟು ಪಡೆಯಿತು. ಬ್ಯಾಂಕಿಗೆ ಇಂಥ ಮರುಹುಟ್ಟು ಸಾಧ್ಯ. ಅಡವಿಟ್ಟ ಹೊಲಕ್ಕೆ ಅದು ಸಾಧ್ಯವೇ?

ಮೇಲಿನಿಂದ ಹಣ ಬರುವುದು ನಿಂತೊಡನೆ ಸಾಹುಕಾರ ಹಳೆಯ ಬಾಕಿಗೆ ಪೀಡಿಸಿದ. ಏರುಬೆಲೆಯ ಕಾಲದ ಹುಮ್ಮಸ್ಸಿನಲ್ಲಿ ನಿಗದಿಯಾದ ಭೂಕಂದಾಯವೂ ಹೆಗಲೇರಿತು. 1875ರಲ್ಲಿ ಪುಣೆ ಹಾಗೂ ಅಹಮದ್‌ನಗರ ಜಿಲ್ಲೆಗಳ ರೈತರು ಸಾಹುಕಾರರ ಮನೆಗಳಿಗೆ ನುಗ್ಗಿ ಸಾಲಪತ್ರಗಳನ್ನು ಸುಟ್ಟರು. ಅದರ ಮರುವರ್ಷ ಮಳೆ ಕೈಕೊಟ್ಟಿತು. 1876ರಿಂದ 78ರವರೆಗಿನ ಬರಗಾಲದಲ್ಲಿ ಮುಂಬಯಿ ಪ್ರಾಂತದಲ್ಲಿ ಅತಿಯಾಗಿ ನೊಂದ ಜಿಲ್ಲೆಗಳಲ್ಲಿ, ಬಾಗೇವಾಡಿಯೂ ಸೇರಿದ್ದ ಅಂದಿನ ಕಲಾದಗಿ ಜಿಲ್ಲೆ ಒಂದು. 1872ರ ಗಣತಿಯಲ್ಲಿ 8 ಲಕ್ಷ ಮೀರಿದ್ದ ಜನಸಂಖ್ಯೆ 1881ರಲ್ಲಿ 6 ಲಕ್ಷ 38 ಸಾವಿರಕ್ಕೆ ಇಳಿಯಿತು. ಬರಕ್ಕೆ ಮೊದಲ ಕಾರಣ ಮಳೆಯೇ. ಆದರೆ ಸಾಲದಲ್ಲಿ ಸಿಲುಕಿದ ಮನೆ ಬರವನ್ನು ಎದುರಿಸುವುದಾದರೂ ಹೇಗೆ? ಹಗೇವಿನಲ್ಲಿ ಜೋಳವಿದ್ದವನು ಒಂದು ವರ್ಷ ತಾಳಿಯಾನು. ಹಗೇವಿಗಿಳಿಯಬೇಕಾದ ಕಾಳೇ ಬಾಕಿಗೆ ಹೋದವನು ತಾಳಲಾರ.

ಹತ್ತಿಯ ನಾಡಿಗೆ ಆದುದೇ ಎಣ್ಣೆಯ ನಾಡಾದ ಪರ್ಷಿಯಕ್ಕೂ ಬೇರೊಂದು ರೂಪದಲ್ಲಿ ಆಯಿತು. 1889ರಲ್ಲಿ ಸ್ಥಾಪಿತವಾದ ಬ್ರಿಟಿಷರ ಇಂಪೀರಿಯಲ್ ಬ್ಯಾಂಕ್ ಆಫ್ ಪರ್ಷಿಯ ನೋಟು ಅಚ್ಚುಹಾಕುವ ಹಕ್ಕನ್ನೇ ಪಡೆದುಕೊಂಡಿತು. ಅದಕ್ಕೆ ಪ್ರತಿಯಾಗಿ ರಷ್ಯದ ಸರ್ಕಾರ ತನ್ನ ಹಿಡಿತದ ಬ್ಯಾಂಕನ್ನು ಅಲ್ಲಿ ಬೆಳೆಸಿತು. 1900ರಲ್ಲಿ ರಷ್ಯ 2 ಕೋಟಿ 25 ಲಕ್ಷ ರೂಬಲ್ ಸಾಲ ಕೊಟ್ಟು ಸುಂಕದ ಆದಾಯವನ್ನು ಒತ್ತೆಯಾಗಿ ಪಡೆಯಿತು; ತನ್ನ ಒಪ್ಪಿಗೆಯಿಲ್ಲದೆ ಬೇರೆ ದೇಶದಿಂದ ಸಾಲ ತರಬಾರದೆಂದು ಷರತ್ತು ಹಾಕಿತು. ಮರುವರ್ಷವೇ ಎಣ್ಣೆ ತೆಗೆಯುವ ಹಕ್ಕು 60 ವರ್ಷಗಳ ಅವಧಿಗೆ ಬ್ರಿಟಿಷ್ ಪ್ರಜೆ ಡಾರ್ಸಿಯ ಪಾಲಾಯಿತು. ಪರ್ಷಿಯಕ್ಕೆ ನಿವ್ವಳ ಲಾಭದ ಶೇಕಡಾ 16 ಮಾತ್ರ. 1908ರಲ್ಲಿ ಮಸ್ಜಿದ್ ಸುಲೇಮಾನಿನಲ್ಲಿ ಎಣ್ಣೆ ಚಿಮ್ಮುವ ಹೊತ್ತಿಗೆ ಆ ನಾಡು ಇಬ್ಬರಿಗೆ ಹಂಚಿಹೋಗಿತ್ತು. 1907ರಲ್ಲಿಯೇ ಬ್ರಿಟನ್ನು, ರಷ್ಯಗಳು ಅದನ್ನು ತಮ್ಮ ಪ್ರಭಾವದ ವಲಯಗಳಾಗಿ ವಿಂಗಡಿಸಿಕೊಂಡಿದ್ದವು. ಪೈಪೋಟಿಗಿಳಿದವರು ಕೊನೆಗೆ ಒಂದಾಗುವುದು ಸಾಲಗಾರನ ಮನೆಯಂಗಳದಲ್ಲಿಯೇ.

ಆದರೂ ಜನ ಸುಮ್ಮನಿರಲಿಲ್ಲ. 1906ರಲ್ಲಿ ಪರ್ಷಿಯದ ಹೊಸ ಸಂಸತ್ತು ಪರದೇಶದ ಮತ್ತೊಂದು ಸಾಲವನ್ನು ವಿರೋಧಿಸಿ, ಸ್ವಂತ ರಾಷ್ಟ್ರೀಯ ಬ್ಯಾಂಕು ಬೇಕೆಂದು ಪಟ್ಟುಹಿಡಿಯಿತು. ಅದು ಕೈಗೂಡಿದ್ದು 1928ರಲ್ಲಿ. ಕನ್ನಡದ ಹತ್ತಿ ಸೀಮೆ ಈ ವಿಷಯದಲ್ಲಿ ಒಂದು ಹೆಜ್ಜೆ ಮುಂದೆಯೇ ಇತ್ತು. 1905ರಲ್ಲಿ ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಸಹಕಾರ ಪತ್ತಿನ ಸಂಘವನ್ನು ಕಟ್ಟಿದರು. ಕೆಲವೇ ಸಾವಿರ ರೂಪಾಯಿಯ ವ್ಯವಹಾರವದು. ಆದರೆ ಸಾಲ ಕೊಡುವವನೂ ಪಡೆಯುವವನೂ ಒಂದೇ ಊರಿನವರು. ಮಳೆ ಬಾರದಿದ್ದರೆ ಇಬ್ಬರ ಹೊಲವೂ ಒಣಗುತ್ತದೆ. ಸಾಲದ ನಿಜವಾದ ಕಡಿವಾಣ ಇರುವುದು ಈ ಸಂಬಂಧದಲ್ಲಿ.

ಈ ಸಂಬಂಧ ತಪ್ಪಿದಾಗ ಏನಾಗುತ್ತದೆಂಬುದನ್ನು ಬಾಗೇವಾಡಿ ಸೀಮೆ ಮತ್ತೊಮ್ಮೆ ಕಂಡಿತು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲಿಟ್ಟ ಕೃಷ್ಣಾ ಮೇಲ್ದಂಡೆ ಯೋಜನೆಗೆ ವಿಶ್ವಬ್ಯಾಂಕು 1978ರಲ್ಲಿಯೂ 1989ರಲ್ಲಿಯೂ ಸಾಲ ನೀಡಿತು. ಮುಳುಗಡೆಯಾದವರ ಪುನರ್ವಸತಿ ಸರಿಯಾಗಿ ನಡೆಯದ ಕಾರಣ 1992ರಲ್ಲಿ ಹಾಗೂ ಮತ್ತೆ 1995ರಲ್ಲಿ ಹಣ ಬಿಡುಗಡೆಯನ್ನು ತಡೆಹಿಡಿಯಿತು. ಸಂತ್ರಸ್ತರ ಪರವಾಗಿ ಒಂದು ಬ್ಯಾಂಕು ಕೈ ತಡೆದದ್ದು ಸಣ್ಣ ಮಾತಲ್ಲ. ಆದರೆ ಊರು ಬಿಡುವವರ ಗತಿಯೇನೆಂಬ ಪ್ರಶ್ನೆಗೆ ಉತ್ತರ ಸಿಗಬೇಕಾಗಿದ್ದುದು ಸಾಲದ ಕಾಗದಕ್ಕೆ ಸಹಿ ಬೀಳುವ ಮುನ್ನ. ಅಣೆಕಟ್ಟು ಅರ್ಧ ಎದ್ದ ಮೇಲಲ್ಲ.

ಪ್ರಶ್ನೆ ಇಂದಿಗೂ ಜೀವಂತವಾಗಿದೆ. ಆಲಮಟ್ಟಿಯ ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸುವ ಮೂರನೆಯ ಹಂತಕ್ಕಾಗಿ, ಮುಳುಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ ಹಾಗೂ ಒಣಭೂಮಿಗೆ 30 ಲಕ್ಷ ರೂಪಾಯಿ ಪರಿಹಾರ ನೀಡಲು ರಾಜ್ಯ ಸಚಿವ ಸಂಪುಟ 2025ರ ಸೆಪ್ಟೆಂಬರಿನಲ್ಲಿ ತೀರ್ಮಾನಿಸಿತು. ಅಷ್ಟು ಹಣ ಒಂದು ಊರಿಗೆ ಒಮ್ಮೆಲೇ ಬಂದಾಗ ಠೇವಣಿಗಾಗಿ, ಸಾಲಕ್ಕಾಗಿ, ನಿವೇಶನ ಮಾರಾಟಕ್ಕಾಗಿ ಬಾಗಿಲು ತಟ್ಟುವವರಿಗೆ ಕೊರತೆಯಿರದು. ಹಣ ಕರಗಿದ ಮೇಲೆ ಎರೆಭೂಮಿ ಮರಳಿ ಬಾರದು.

ಘಟ್ಟದ ಹಳ್ಳಿಗಳೂ ಇದರಿಂದ ಹೊರತಲ್ಲ. ಶುಂಠಿಗೆ ಬೆಲೆ ಬಂದ ವರ್ಷ ಗದ್ದೆಯೂ ಕಾನಿನ ಅಂಚೂ ಏರಿಮಡಿಗಳಾಗುತ್ತವೆ; ಬೆಲೆ ಬಿದ್ದ ವರ್ಷ ಉಳಿಯುವುದು ಬರಡಾದ ಮಣ್ಣು ಮತ್ತು ಬ್ಯಾಂಕಿನ ನೋಟೀಸು. ಆದುದರಿಂದ ಯಾವುದೇ ಯೋಜನೆ, ಯಾವುದೇ ಬೆಳೆ, ಯಾವುದೇ ಸಾಲ ಊರಿನ ಬಾಗಿಲಿಗೆ ಬಂದಾಗ ಗ್ರಾಮಸಭೆ ಬಡ್ಡಿಯ ದರ ವಿಚಾರಿಸಿ ತೃಪ್ತಿಪಡಬಾರದು. ಬೆಲೆ ಬಿದ್ದರೆ ನಷ್ಟ ಹೊರುವವರು ಯಾರು, ಒತ್ತೆಯಾಗಿ ಹೋಗುವ ನೆಲ-ನೀರು ಯಾರದು ಎಂದು ಕೇಳಬೇಕು; ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಯಿಸಬೇಕು. ಸಹಕಾರ ಸಂಘದ ವಾರ್ಷಿಕ ಸಭೆಗೆ ತಪ್ಪದೆ ಹೋಗಿ ಲೆಕ್ಕ ಕೇಳುವುದೂ ಪರಿಸರ ರಕ್ಷಣೆಯ ಕೆಲಸವೇ.