ಥಂಡಿಗಾಲದ ಉಳಿತಾಯ: ರೊಟ್ಟಿ ಬಡಿಯುವ ಕೈಯೂ ಲೆಕ್ಕಕ್ಕೆ ಬರಲಿ

ಸೋಲಾಪುರ: ಥಂಡಿ ಬಿದ್ದ ಕೂಡಲೇ ಸೋಲಾಪುರ, ಅಕ್ಕಲಕೋಟೆ, ಜತ್ತ ಭಾಗದಲ್ಲಿ ಚಹಾ, ಭಜಿ ಗಾಡಿಗಳ ಮುಂದೆ ಗದ್ದಲ ಹೆಚ್ಚುತ್ತದೆ. ಬಿಸಿಬಿಸಿ ತಿನ್ನುವ ಆಸೆ ತಪ್ಪಲ್ಲ. ಆದರೆ ತಿಂಗಳ ಕೊನೆಗೆ ‘ಪಗಾರದ ರೊಕ್ಕ ಎಲ್ಲಿ ಹೋತು?’ ಎಂಬ ಪ್ರಶ್ನೆ ಬಹಳ ಮನೆಗಳಲ್ಲಿ ಏಳುತ್ತದೆ.

ನೋಡಿದರೆ, ಮನೆಯಡುಗೆ ಸೋವಿಯಾಗಿ ಆಗುವ ಕಾಲ ಇದೇ. ಸಂತೆಗೆ ಮೆಂತ್ಯ, ಪಾಲಕ, ಕಡಲೆ ಸೊಪ್ಪು, ಗಜ್ಜರಿ ಧಾರಾಳ ಬರುತ್ತವೆ. ಡಿಸೆಂಬರ್-ಜನವರಿಯಲ್ಲಿ ಸೋಲಾಪುರ ಮಾರುಕಟ್ಟೆಗೆ ಉಳ್ಳಾಗಡ್ಡಿ ಆವಕವೂ ದೊಡ್ಡದು. ಮಾಲದಂಡಿ ಜೋಳದ ಹೊಸ ರಾಶಿ ಆಗುವುದು ಫೆಬ್ರುವರಿ-ಮಾರ್ಚ್‌ಗೆ. ಅಲ್ಲಿಯವರೆಗೆ ಅಂಗಡಿಯಲ್ಲಿ ಸಿಗುವುದು ಹಳೆಯ ಕಾಳು. ಸಜ್ಜಿ ಹಾಗಲ್ಲ. ಅದು ಮುಂಗಾರಿ ಪೀಕು, ಈಗ ಹೊಸದು ಸಿಗುತ್ತದೆ, ಸಾಮಾನ್ಯವಾಗಿ ಮಾಲದಂಡಿಗಿಂತ ಅಗ್ಗ. ಭೋಗಿ ದಿನ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಹಲವು ಕಾಯಿಪಲ್ಲೆ ಕೂಡಿಸಿದ ಪಲ್ಯ ಮಾಡುವ ರೂಢಿ ಗಡಿಯ ಎರಡೂ ಕಡೆ ಇದೆ. ಅದನ್ನೇ ವಾರಕ್ಕೆ ಎರಡು ಸಲ ಮಾಡಿದರೆ ಕಿರಾಣಿ ಬಿಲ್ಲು ಇಳಿಯುತ್ತದೆ. ಸಜ್ಜಿ ಹಿಟ್ಟು ಬೇಗ ಕಹಿಯಾಗುವುದರಿಂದ ಬೇಕಾದಷ್ಟೇ ಬೀಸಿಕೊಂಡು ಬರಬೇಕು ಅಷ್ಟೆ.

ಲೆಕ್ಕ ಸರಳ. ಒಂದು ಕಿಲೋ ಹಿಟ್ಟಿಗೆ ಸುಮಾರು 12 ರೊಟ್ಟಿ. ಕಾಳು, ಗಿರಣಿ ಕೂಲಿ ಸೇರಿ 60 ರೂಪಾಯಿ ಹಿಡಿದರೂ ರೊಟ್ಟಿಗೆ 5 ರೂಪಾಯಿ ಬಿತ್ತು. ಖಾನಾವಳಿಯಲ್ಲಿ 20 ರೂಪಾಯಿ ಎಂದು ಹಿಡಿದರೆ, ದಿನಕ್ಕೆ 10 ರೊಟ್ಟಿ ಬೇಕಾದ ಮನೆಗೆ ಗ್ಯಾಸಿನ ಖರ್ಚು ಬಿಟ್ಟು 150 ರೂಪಾಯಿ ಉಳಿತಾಯ.

ಆದರೆ ಈ ಲೆಕ್ಕದಲ್ಲಿ ಒಂದು ಬಾಬತ್ತು ಬಿಟ್ಟುಹೋಗಿದೆ. ಸೋಲಾಪುರದ ಸಾವಿರಾರು ಮನೆಗಳಲ್ಲಿ ಹೆಣ್ಣುಮಕ್ಕಳು ಬೀಡಿ ಕಟ್ಟುತ್ತಾರೆ. ಕೂಲಿ ಸಿಗುವುದು ಸಾವಿರ ಬೀಡಿಗೆ ಇಷ್ಟು ಎಂಬ ಲೆಕ್ಕದಲ್ಲಿ. ನಸುಕಿನಲ್ಲಿ ಎದ್ದು ಎರಡು ತಾಸು ಒಲೆಯ ಮುಂದೆ ಕೂತರೆ ಅಷ್ಟು ಬೀಡಿ ಕಡಿಮೆ, ಇಲ್ಲವೇ ಅಷ್ಟು ನಿದ್ದೆ ಕಡಿಮೆ. ಮನೆಯ ಯಜಮಾನ ಉಳಿಸಿದೆ ಎನ್ನುವ 150 ರೂಪಾಯಿಯಲ್ಲಿ ಆಕೆಯ ಕೂಲಿಯೂ ಸೇರಿದೆ. ಅದನ್ನು ಯಾರೂ ಬರೆದಿಡುವುದಿಲ್ಲ.

ಮನೆಯಡುಗೆ ಬೇಡ ಎಂದಲ್ಲ, ಕೆಲಸ ಹಂಚಿಕೊಳ್ಳಬೇಕು. ಗಿರಣಿಗೆ ಹೋಗುವುದು, ಪಲ್ಲೆ ಸೋಸುವುದು, ರಾತ್ರಿ ಕಾಳು ನೆನೆಸಿಡುವುದು ಗಂಡಸರಿಗೂ ಮಕ್ಕಳಿಗೂ ಬರುತ್ತದೆ. ನೆನೆದ ಕಾಳು ಬೇಗ ಬೇಯುತ್ತದೆ, ಗ್ಯಾಸೂ ಉಳಿಯುತ್ತದೆ. ಆದರೆ ಎಲ್ಲರ ಜಳಕದ ನೀರನ್ನೂ ಅದೇ ಗ್ಯಾಸಿನ ಮೇಲೆ ಕಾಯಿಸಿದರೆ ಅಡುಗೆಯಲ್ಲಿ ಉಳಿಸಿದ್ದು ಅಲ್ಲೇ ಹೋಗುತ್ತದೆ. ಕಡಕ ರೊಟ್ಟಿಯನ್ನು ವಾರಕ್ಕೊಮ್ಮೆ ಎಲ್ಲರೂ ಕೂಡಿ ಮಾಡಿಟ್ಟರೆ ದಿನಾ ನಸುಕಿನಲ್ಲಿ ಏಳುವ ಕೆಲಸ ತಪ್ಪುತ್ತದೆ.

ಅದೂ ಆಗದ ಮನೆಯವರು ಓಣಿಯಲ್ಲೇ ರೊಟ್ಟಿ ಮಾಡಿ ಮಾರುವ ಅಕ್ಕನ ಹತ್ತಿರ ಕೊಳ್ಳಲಿ. ಅದು ದುಂದು ಅಲ್ಲ, ದುಡಿದ ಕೈಗೆ ಕೊಡುವ ಕೂಲಿ. ಖರ್ಚು ಕಡಿಮೆ ಮಾಡಲೇಬೇಕೆಂದರೆ ಮೊದಲು ಬಿಡಬೇಕಾದ್ದು ಸಂಜೆಯ ಭಜಿ ಪ್ಲೇಟು.