ಸ್ವಿಚ್ಚಿಗೂ ಒಂದು ಪಾಠಟಿಪ್ಪಣಿ ಬೇಕು

ಹಿರಿಯೂರು ತಾಲ್ಲೂಕಿನ ಪ್ರೌಢಶಾಲೆಯೊಂದಕ್ಕೆ ಅಭ್ಯಾಸ ಬೋಧನೆಗೆ ಹೋಗಿದ್ದಾಗ ಕಂಪ್ಯೂಟರ್ ಕೊಠಡಿ ನನ್ನ ಪಾಲಿಗೆ ಬಂತು. ಅಲ್ಲಿದ್ದದ್ದು ಯಾವುದೋ ಕಚೇರಿಯವರು ದಾನ ಕೊಟ್ಟ ಹಳೆಯ ಸಿಸ್ಕೋ ಸ್ವಿಚ್. ಅರ್ಧ ಪೋರ್ಟುಗಳನ್ನು ಹಿಂದಿನವರು ಮುಚ್ಚಿಟ್ಟಿದ್ದರು. ಸಂಜೆ ಕುಳಿತು ಎಲ್ಲವನ್ನೂ ತೆರೆದೆ. 10 ಕಂಪ್ಯೂಟರುಗಳೂ ಜಾಲಕ್ಕೆ ಸೇರಿದವು.

ಮರುದಿನ ಒಂಬತ್ತನೇ ತರಗತಿಗೆ ಪಾಠ. ಮಾರ್ಗದರ್ಶಕರು ಹಿಂದಿನ ಬೆಂಚಿನಲ್ಲಿ ಕುಳಿತಿದ್ದರು. ನಡುವೆ ಕರೆಂಟು ಹೋಗಿ ಬಂತು. (ದುರ್ಗದ ಗುಡ್ಡಗಳ ಮೇಲೆ ಅಷ್ಟೊಂದು ಗಾಳಿಯಂತ್ರ ತಿರುಗಿದರೂ ನಮ್ಮ ಹಳ್ಳಿಗಳ ಕರೆಂಟಿನ ಕಥೆ ಇದೇ.) 5 ಕಂಪ್ಯೂಟರುಗಳಿಗೆ ಮತ್ತೆ ಜಾಲವೇ ಸಿಗಲಿಲ್ಲ. ಪಾಠ ನಿಂತಿತು.

ತಪ್ಪು ಸ್ವಿಚ್ಚಿನದಲ್ಲ, ನನ್ನದು. ಇಂಥ ಸಾಧನದಲ್ಲಿ ಎರಡು ಪ್ರತಿಗಳಿರುತ್ತವೆ. ಸದ್ಯ ನಡೆಯುತ್ತಿರುವ 'ರನ್ನಿಂಗ್ ಕಾನ್ಫಿಗ್' ಕರಿಹಲಗೆಯ ಬರಹವಿದ್ದಂತೆ, ಕರೆಂಟು ಹೋದರೆ ಅಳಿಸಿಹೋಗುತ್ತದೆ. 'ಸ್ಟಾರ್ಟಪ್ ಕಾನ್ಫಿಗ್' ಪಾಠಟಿಪ್ಪಣಿಯಿದ್ದಂತೆ, ಸಾಧನ ಎದ್ದಾಗ ಓದುವುದು ಅದನ್ನೇ. ಮೊದಲನೆಯದನ್ನು ಎರಡನೆಯದಕ್ಕೆ ನಕಲಿಸುವ ಒಂದು ಸಾಲಿನ ಆದೇಶವನ್ನು ನಾನು ಕೊಟ್ಟಿರಲಿಲ್ಲ. ಹಾಗಾಗಿ ಹಳೆಯ ಕಚೇರಿಯ ಟಿಪ್ಪಣಿಯೇ ಮರಳಿ ಬಂತು.

ಐಸಿಟಿ ಪಾಠಗಳಲ್ಲಿ ನಾವು ರೌಟರ್, ಸ್ವಿಚ್ ಎಂದರೇನು ಎಂದು ವ್ಯಾಖ್ಯೆ ಬರೆಸುತ್ತೇವೆ. ಅದನ್ನು ಸುಸ್ಥಿತಿಯಲ್ಲಿಡುವುದನ್ನು ಪ್ರಶಿಕ್ಷಣಾರ್ಥಿಗೂ ಯಾರೂ ಕಲಿಸುವುದಿಲ್ಲ. ಹೊಳಲ್ಕೆರೆ, ಹೊಸದುರ್ಗದ ಶಾಲೆಗಳಿಗೆ ಹೋದ ಗೆಳೆಯರೂ ಇದನ್ನೇ ಹೇಳಿದರು: ಸೆಟ್ಟಿಂಗ್ ಯಾರೋ ಮಾಡಿ ಹೋಗಿದ್ದಾರೆ, ಏನು ಮಾಡಿದ್ದಾರೆಂಬುದಕ್ಕೆ ಕಾಗದವಿಲ್ಲ.

ಈ ಕಡತ ಬರೀ ಪಠ್ಯ, ಮಕ್ಕಳೂ ಓದಬಹುದು. ಬದಲಾಯಿಸುವ ಮುನ್ನ ಒಂದು, ನಂತರ ಒಂದು ಪ್ರತಿ, ದಿನಾಂಕದ ಹೆಸರಿನಲ್ಲಿ. ಎರಡನ್ನೂ ಪಕ್ಕಪಕ್ಕ ಇಟ್ಟು ಬದಲಾದ ಸಾಲು ಹುಡುಕಿಸಿದರೆ ಅದೇ ಒಂದು ಒಳ್ಳೆಯ ಚಟುವಟಿಕೆ. ಮೈಕ್ರೋಟಿಕ್‌ನಂಥ ರೌಟರಿನಲ್ಲಿ ಸಣ್ಣ ಸ್ಕ್ರಿಪ್ಟ್ ಬರೆದು, ನಿಗದಿತ ಹೊತ್ತಿಗೆ ತಾನೇ ಪ್ರತಿ ತೆಗೆಯುವಂತೆಯೂ ಮಾಡಬಹುದು. ಆದರೆ ಪ್ರತಿ ಅದೇ ಸಾಧನದೊಳಗೆ ಕೂತರೆ, ಸಾಧನ ಸುಟ್ಟ ದಿನ ಅದೂ ಹೋಯಿತು. ಪಾಸ್‌ವರ್ಡ್ ಇರುವ ಪ್ರತಿಯನ್ನು ತರಗತಿಗೆ ಒಯ್ಯಲೂಬಾರದು.

ಸ್ಕ್ರಿಪ್ಟ್ ಮೊದಲೇ ಬೇಡ ಎನ್ನುವವನು ನಾನು. ಕೈಯಿಂದ ನಾಲ್ಕು ಬಾರಿ ಮಾಡಿದವರಿಗೆ ಮಾತ್ರ ಸ್ಕ್ರಿಪ್ಟ್ ಏನು ಮಾಡುತ್ತಿದೆ ಎಂದು ತಿಳಿಯುತ್ತದೆ.

ಶಾಲೆ ಬಿಡುವ ದಿನ ಪಾಸ್‌ವರ್ಡ್ ಸಾಲು ತೆಗೆದು ಕಾನ್ಫಿಗ್ ಮುದ್ರಿಸಿ ದಾಸ್ತಾನು ಪುಸ್ತಕಕ್ಕೆ ಅಂಟಿಸಿದೆ. 'ಮುಂದೆ ಬರೋ ಸರ್‌ಗೆ ಇದು ಅರ್ಥ ಆಗುತ್ತಾ?' ಎಂದು ಒಬ್ಬ ಹುಡುಗಿ ಕೇಳಿದಳು. ಪ್ರತಿ ಸಾಲಿನ ಪಕ್ಕ ಕನ್ನಡದಲ್ಲಿ ವಿವರಣೆ ಬರೆಯಲು ಅವಳನ್ನೇ ಕೂರಿಸಿಕೊಂಡೆ.